ನಿಂತು ಮಾಡೋ ಮೀಟಿಂಗು

ಅಫ್ಸಾನಾಗೆ ಸಿಟ್ಟು ಮೂಗಿನ ತುದಿಯಲ್ಲೇ ಅಂತ ಶಿರಾದಲ್ಲಿ ಅವಳ ಬೀದಿಯವರೆಲ್ಲ ಬಲ್ಲರು. ಆದರೆ ಆವತ್ತು ಬಂದ ಸಿಟ್ಟಿಗೆ ಮೂಗೊಂದೇ ಸಾಲಲಿಲ್ಲ. ಲ್ಯಾಪ್‌ಟಾಪಿನಲ್ಲಿ ‘ಫೇಲ್’ ಅಂತ ಬಂದಿದ್ದೇ ತಡ, ಅದನ್ನು ಪಟಾರನೆ ಮುಚ್ಚಿದಳು. ಅಡುಗೆಮನೆಯಲ್ಲಿದ್ದ ತಾಯಿ ಅಮೀರ್ ಬಿ ಏನೋ ಬಿತ್ತು ಅಂತ ಓಡಿಬಂದರು.

“ಅಲ್ಲ ಅಮ್ಮಿ, ಎರಡು ವರ್ಷದಿಂದ ದಿನಾ ನಾನೇ ಮಾಡ್ತಿರೋ ಕೆಲಸ! ಅದರಲ್ಲೇ ಫೇಲಂತೆ! ಇವರ ಪರೀಕ್ಷೆಗಿಷ್ಟು ಬೆಂಕಿ ಹಾಕ!”

“ಗುಸ್ಸಾ ಎಲ್ಲಾ ಆ ಡಬ್ಬದ ಮೇಲೆ ತೋರಿಸ್ಕೊ, ಅನ್ನದ ಮೇಲೆ ಬೇಡ. ಬಾ, ತಿನ್ನು.”

ಅವಳು ತಿನ್ನಲಿಲ್ಲ.

ಪರೀಕ್ಷೆ ಸ್ಕ್ರಮ್ ಮಾಸ್ಟರ್ ಅನ್ನೋ ಕೆಲಸದ್ದು. ಹೆದ್ದಾರಿ ಪಕ್ಕ, ಹಾರ್ಡ್‌ವೇರ್ ಅಂಗಡಿಯ ಮಹಡಿ ಮೇಲೆ ಅವಳ ಆಫೀಸು. ಕಡ್ಲೆಕಾಯಿ ಮಂಡಿಯವರಿಗೆ ತೂಕ, ರಸೀದಿ ಎಲ್ಲ ಮೊಬೈಲಿನಲ್ಲೇ ಆಗೋ ಆ್ಯಪ್ ಮಾಡುತ್ತಾರೆ. ಅವಳು ಸೇರಿದ್ದು ಫೋನ್ ಎತ್ತೋಕೆ. ಮಂಡಿಯವರು ಬಾಯಿಗೆ ಬಂದಂಗೆ ಬೈದರೂ ಸೋಲದ ಹುಡುಗಿ ಅಂತ ನೋಡಿ, ಬೆಳಗಿನ ಸ್ಟ್ಯಾಂಡಪ್ ಮೀಟಿಂಗನ್ನೂ ಅವಳ ತಲೆಗೇ ಕಟ್ಟಿದರು. ಎಲ್ಲರೂ ನಿಂತು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ, ಏನು ಅಡಚಣೆ ಅಂತ ಹೇಳಬೇಕು. ಅದನ್ನು ನಡೆಸೋಳೇ ಸ್ಕ್ರಮ್ ಮಾಸ್ಟರ್. ತಂಡಕ್ಕೆ ಯಜಮಾನಿಯಲ್ಲ, ಆಳೂ ಅಲ್ಲ. ತಂಡದ ದಾರಿಗೆ ಅಡ್ಡ ಬಿದ್ದಿದ್ದನ್ನು ಎತ್ತಿ ಪಕ್ಕಕ್ಕಿಡೋಳು. ಎರಡು ವರ್ಷ ಇದನ್ನೆಲ್ಲ ಮಾಡಿದರೂ ಆಫೀಸಿನ ಬೋರ್ಡಿನಲ್ಲಿ ಅವಳ ಹೆಸರಿನ ಮುಂದೆ ‘ಟೆಲಿಫೋನ್’ ಅಂತಲೇ ಇತ್ತು. ಹೊಟ್ಟೆ ಉರಿಯಲ್ವಾ ಮತ್ತೆ?

ಈಗ ಬೆಂಗಳೂರಿನ ಒಂದು ಕಂಪನಿ, ಸರ್ಟಿಫಿಕೇಟ್ ಇರೋ ಸ್ಕ್ರಮ್ ಮಾಸ್ಟರ್ ಇದ್ದರೆ ಮಾತ್ರ ನಿಮ್ಮ ಆಫೀಸಿಗೆ ನಮ್ಮ ಕೆಲಸ ಕೊಡ್ತೀವಿ ಅಂದಿತ್ತು. ಮ್ಯಾನೇಜರ್ ಗೌರೀಶ್, “ನೀನೇ ಬರೆದ್ಬುಡಮ್ಮ, ಪಾಸಾದ್ರೆ ಆ ಪೋಸ್ಟು ನಿಂದೇ” ಅಂದಿದ್ದ.

ಫೇಲಾದ ಮಾರನೇ ದಿನ ಅದೇ ಗೌರೀಶ್ ಮೀಟಿಂಗಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, “ನಮ್ಮ ಮೇಡಂ ಡುಮ್ಕಿ ಹೊಡೆದ್ರಂತೆ ಕಣ್ರಪ್ಪೋ!” ಅಂದು ನಕ್ಕ. “ಇನ್ನೊಂದ್ಸಲ ಬರಿ. ಆಗ್ಲಿಲ್ವಾ, ಸರ್ಟಿಫಿಕೇಟ್ ಇರೋನೊಬ್ಬ ತುಮಕೂರಲ್ಲವ್ನೆ, ಕರೆಸ್ತೀನಿ. ನೀನು ಮೊದಲಿನಂಗೆ ಫೋನ್ ಎತ್ಕೊಂಡಿರು.”

ಆ್ಯಪ್ ಬರೆಯೋ ಭವ್ಯ ನೆಲ ನೋಡಿದಳು. ಗೌಡಗೆರೆ ಕಡೆಯಿಂದ ಬರೋ ಮರುಳಸಿದ್ದಯ್ಯ ಆಫೀಸಿಗೆಲ್ಲ ಹಿರಿಯರು, ಭವ್ಯ ಬರೆದಿದ್ದನ್ನು ಪರೀಕ್ಷೆ ಮಾಡೋರು. ಅವರು ಆಮೇಲೆ ಮೆಟ್ಟಿಲ ಹತ್ತಿರ ಬಂದು, “ಬುಡವ್ವ, ಅವನ ಬಾಯೇ ಅಂಗೆ” ಅಂದರು. ಅಫ್ಸಾನಾ ಉರಿದುಬಿದ್ದಳು. “ಇಲ್ಲಿ ಬಂದು ಹೇಳ್ತೀರಲ್ಲ, ಅಲ್ಲಿ ಹೇಳೋಕೆ ಏನಾಗಿತ್ತು ನಿಮಗೆ?”

ಭಾನುವಾರ ಅವಳು ಅಪ್ಪನ ಹಾಸಿಗೆ ಅಂಗಡಿಯಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಗಿರಾಕಿಯೊಬ್ಬರು ಬಂದರು. ಹೊಲೀತಿದ್ದ ಅಪ್ಪ ಕುತುಬುದ್ದೀನ್ ತಲೆ ಎತ್ತದೆ, “ಬೇಟಿ, ಸ್ಟೂಲು” ಅಂದರು. ಅವಳು ಎದ್ದು, ಸ್ಟೂಲಿನ ಮೇಲಿನ ಹತ್ತಿ ಕೊಡವಿ, ಮುಂದೆ ಹಾಕಿ, “ಕೂತ್ಕೊಳ್ಳಿ” ಅಂದಳು. ಅವರ ಅಂಗಡಿಯ ಪದ್ಧತಿಯೇ ಅದು. ಬಂದವರನ್ನು ನಿಲ್ಲಿಸಿ ಮಾತಾಡಬಾರದು. ಕೂರಿಸಿದ ಮೇಲೇ ವ್ಯಾಪಾರ. ನಡೆಯೋಕೆ ಬಂದಾಗಿನಿಂದ ಅವಳು ಮಾಡಿದ್ದು.

ಸ್ಟೂಲಿನಿಂದ ಕೈ ತೆಗೆಯೋ ಹೊತ್ತಿಗೆ ಅವಳಿಗೆ ಹೊಳೆಯಿತು.

ಆಫೀಸಿನಲ್ಲಿ ಗೌರೀಶನಿಗೆ ಕುರ್ಚಿ ಹಾಕಿದ್ದು ಯಾರು? ಇವಳೇ! ಮೊದಲ ದಿನ ಮ್ಯಾನೇಜರ್ ನಿಂತಿದ್ದಾರಲ್ಲ ಅಂತ ದುಪಟ್ಟಾದಲ್ಲಿ ಒರೆಸಿ ಕುರ್ಚಿ ಎಳೆದುಕೊಟ್ಟಳು. ಆಮೇಲೆ ದಿನಾ ಅದೇ. ಒಬ್ಬ ಕೂತು ಉಳಿದವರು ನಿಂತರೆ ಅದು ಮೀಟಿಂಗೇ? ಸಾಹೇಬರ ಮುಂದಿನ ಹಾಜರಿ! ಎಲ್ಲರೂ ಕೈ ಕಟ್ಟಿ, “ಸರ್, ನಿನ್ನೆ ಅದು ಮುಗಿಸ್ದೆ ಸರ್” ಅನ್ನೋದು. ಅಡಚಣೆ ಏನಾದ್ರೂ ಅಂದರೆ, “ಏನಿಲ್ಲ ಸರ್.” ಎರಡು ವರ್ಷದಲ್ಲಿ ಒಬ್ಬರಿಗೂ ಒಂದು ಅಡಚಣೆ ಬಂದಿಲ್ಲ. ಪರೀಕ್ಷೆಯಲ್ಲಿ ಇವಳು ಬರೆದಿದ್ದೂ ಅದನ್ನೇ. ಕೆಲಸ ಯಾರು ಹಂಚಬೇಕು? ಮ್ಯಾನೇಜರು. ತಂಡದಲ್ಲಿ ಜಗಳ ಬಂದರೆ? ಮ್ಯಾನೇಜರಿಗೆ ಹೇಳಬೇಕು. ಎಲ್ಲ ತಪ್ಪು, ಎಲ್ಲಾ! ತಂಡದವರು ತಮ್ಮತಮ್ಮಲ್ಲಿ ಮಾತಾಡಿ ತೀರ್ಮಾನ ಮಾಡಬೇಕು ಅಂತ ಪುಸ್ತಕ ಪುಟಪುಟಕ್ಕೂ ಬಡಕೊಳ್ಳುತ್ತಿತ್ತು. ಅವಳು ಓದಿದ್ದಳು, ಉರು ಹೊಡೆದಿದ್ದಳು. ಪುಸ್ತಕದ ಮಾತು ಪುಸ್ತಕಕ್ಕೆ, ನಮ್ಮ ಆಫೀಸಿನದು ನಮಗೆ ಅಂದುಕೊಂಡಿದ್ದಳು.

ಗೌರೀಶನ ಮೇಲಿದ್ದ ಸಿಟ್ಟು ಅರ್ಧ ತನ್ನ ಮೇಲೇ ತಿರುಗಿತು. ನಾನೇ ಅವನಿಗೆ ಸಿಂಹಾಸನ ಹಾಕಿಕೊಟ್ಟೆ, ಅವನು ಅದರಲ್ಲೇ ಕೂತು ನನ್ನನ್ನು ಆಡಿಕೊಂಡು ನಕ್ಕನಲ್ಲ! ಥೂ ನನ್ನ ಮುಖಕ್ಕೆ!

ಆ ಸಿಟ್ಟಿನಲ್ಲೇ ಓದಿದಳು, ಆ ಸಿಟ್ಟಿನಲ್ಲೇ ಬರೆದಳು. ಪ್ರಶ್ನೆಯಲ್ಲಿ ಮ್ಯಾನೇಜರ್ ಅಂತ ಕಂಡಲ್ಲೆಲ್ಲ ಹಲ್ಲು ಕಚ್ಚಿ ಇನ್ನೊಂದು ಉತ್ತರ ಒತ್ತಿದಳು. ಪಾಸಾಯಿತು. ಅಮೀರ್ ಬಿ ಶೀರ್ ಖುರ್ಮಾ ಮಾಡಿದರು. ಅವತ್ತು ತಿಂದಳು. ಬೆಂಗಳೂರಿಗೆ ಅವಳ ಹೆಸರು ಹೋಯಿತು. ಅವರೂ ಒಪ್ಪಿಕೊಂಡು ಆಫೀಸಿಗೆ ಆ ಕೆಲಸ ಕೊಟ್ಟರು.

ಮರುದಿನ ಬೆಳಿಗ್ಗೆ ಮೀಟಿಂಗಿಗೆ ಗೌರೀಶ್ ಬಂದ. ಕುರ್ಚಿ ಇರಲಿಲ್ಲ. ಆ ಕಡೆ ಈ ಕಡೆ ನೋಡಿದ.

“ಇದು ನಿಂತು ಮಾಡೋ ಮೀಟಿಂಗು ಸರ್.”

“ಓಹೋ, ಸರ್ಟಿಫಿಕೇಟ್ ಬಂತಲ್ಲ, ಶುರುವಾಯ್ತು” ಅಂತ ಅವನೇ ಒಂದು ಕುರ್ಚಿ ಎಳೆದುಕೊಂಡು ಕೂತ. ಮರುಳಸಿದ್ದಯ್ಯ ಅಭ್ಯಾಸಬಲದಲ್ಲಿ ಅವನ ಕಡೆ ತಿರುಗಿ ಕೈ ಕಟ್ಟಿದರು. “ಸರ್, ನಿನ್ನೆ...”

“ಅವರಿಗಲ್ಲ, ಮರುಳಸಿದ್ದಯ್ಯನೋರೇ. ಭವ್ಯಂಗೆ ಹೇಳಿ. ನೀವು ನೋಡಿ ಕೊಡೋದಕ್ಕೆ ಕಾಯ್ತಿರೋಳು ಅವಳು.”

ಅವರು ಒಂದು ಗಳಿಗೆ ಹಿಂದೆಮುಂದೆ ನೋಡಿ, ಭವ್ಯಳ ಕಡೆ ತಿರುಗಿ ಹೇಳಿದರು. ಇನ್ನು ಭವ್ಯಳ ಸರದಿ. ನಿನ್ನೆದು ಹೇಳಿದಳು, ಇವತ್ತಿನದು ಹೇಳಿದಳು.

“ಏನು ಅಡಚಣೆ, ಭವ್ಯ?”

“ಏನಿ...” ಅಂದವಳು ಅಫ್ಸಾನಾಳ ಮುಖ ನೋಡಿದಳು. “ಅಡಚಣೆ ಗೌರೀಶ್ ಸರ್. ನಾವು ಅರ್ಧ ಮಾಡಿರೋವಾಗ ಯಾವನೋ ಮಂಡಿಯವನು ಫೋನ್ ಮಾಡ್ದ ಅಂತ ಬಂದು ಎಲ್ಲಾ ಬದಲಾಯಿಸ್ತಾರೆ. ನಾನು ಬರೆದಿದ್ದನ್ನ ನಾನೇ ಅಳಿಸ್ಬೇಕು. ಪ್ರತಿ ವಾರ.”

“ಅದು ದಿಟ” ಅಂದರು ಮರುಳಸಿದ್ದಯ್ಯ, ಈ ಸಲ ಎಲ್ಲರ ಮುಂದೆ.

ಅಫ್ಸಾನಾ ಬೋರ್ಡಿನ ಮೇಲೆ ‘ಅಡಚಣೆ’ ಅಂತ ಬರೆದು, ಕೆಳಗೆ ಅವನ ಹೆಸರನ್ನು ದಪ್ಪಗೆ ಬರೆದಳು.

ಗೌರೀಶ್ ಧಡಕ್ಕನೆ ಎದ್ದು ನಿಂತ. “ಏನಮ್ಮಾ ಇದು? ತಮಾಷೆನಾ? ಯಾರ ಮುಂದೆ ಆಡ್ತಿದೀಯ ಗೊತ್ತಾ?”

“ಗೊತ್ತು ಸರ್. ಅಡಚಣೆ ತೆಗೆಯೋದು ನನ್ನ ಕೆಲಸ. ಪರೀಕ್ಷೆಯಲ್ಲಿ ಕೇಳಿದ್ರು, ಮೊದಲ ಸಲ ತಪ್ಪು ಬರೆದಿದ್ದೆ.”

ಅವನು ಬಾಯಿ ತೆರೆಯೋದರೊಳಗೆ ಅವಳು ಅವನ ಹಿಂದಿನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಬಾಗಿಲಾಚೆ ಇಟ್ಟಳು. ವಾಪಸ್ ಬಂದು ತನ್ನ ಜಾಗದಲ್ಲಿ ನಿಂತಳು. ಎಲ್ಲರೂ ನಿಂತಿದ್ದರು.

“ಈಗ ನಿಮ್ಮ ಸರದಿ. ನಿನ್ನೆ ಏನು ಕೆಲಸ ಮಾಡಿದ್ರಿ, ಹೇಳಿ ಸರ್.”