ಬಾಗಿಲು ಹಾಕಿಸಿಕೊಂಡ ಅಂಕಲ್

ಮ್ಯಾಚ್ ನೋಡುವಾಗ ಅಂಕಲ್ ಅವರ ಕಾಲಿನ ಹೆಬ್ಬೆರಳು ಕೂಡ ಅಲುಗಾಡುತ್ತಿರಲಿಲ್ಲ. ಸಿಕ್ಸರ್ ಬಿದ್ದು, ಆಸ್ಟ್ರೇಲಿಯಾದ ಬ್ಲೇರ್ ಅಥಾಲ್‌ನ ನಮ್ಮ ಮನೆಯಲ್ಲಿ ಸೇರಿದವರೆಲ್ಲ ಸೋಫಾ ಮುರಿಯುವ ಹಾಗೆ ಕುಣಿಯುತ್ತಿದ್ದರೆ, ಅಂಕಲ್ ಮಾತ್ರ ಹುರಿದ ಕಡಲೆಬೀಜವನ್ನು ಅಂಗೈಯಲ್ಲಿ ಉಜ್ಜಿ, ಉಫ್ ಎಂದು ಸಿಪ್ಪೆ ಊದಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆ ಸಿಪ್ಪೆ ಗುಡಿಸುವವಳು ನಾನು.

ಪಕ್ಕದ ಮನೆಯ ಈ ಮೈಸೂರಿನ ಅಂಕಲ್‌ಗೆ ಬೆಟ್ಟಿಂಗೇ ಕಸುಬು. ಅದು ತಿಳಿದ ದಿನದಿಂದ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಯಾಕೆಂದರೆ ನನ್ನ ಗಂಡನಿಗೂ ಆ ಹುಚ್ಚು ಹತ್ತಿತ್ತು. ಆಸ್ಪತ್ರೆಯಲ್ಲಿ ಟೆಸ್ಟ್ ಮೇಲೆ ಟೆಸ್ಟ್ ಮಾಡಿಸದೆ ಒಂದು ಮಾತ್ರೆಯನ್ನೂ ಬರೆಯದ ಈ ಡಾಕ್ಟರು, ಇಂಡಿಯಾ ಆಡುತ್ತದೆ ಎಂದರೆ ಸಾಕು, ಕಣ್ಣು ಮುಚ್ಚಿಕೊಂಡು ದುಡ್ಡು ಕಟ್ಟುತ್ತಿದ್ದರು. ಸೋತರೆ ಊಟ ಬೇಡ, ಮಗಳ ಜೊತೆ ಮಾತೂ ಬೇಡ. ಈ ಮನುಷ್ಯ ನಮ್ಮ ಕೈತಪ್ಪಿ ಹೋಗುತ್ತಿದ್ದಾರೆ ಎಂದು ನನಗೆ ನಿಜವಾಗಿ ಭಯವಾಗಿತ್ತು.

ನನ್ನ ಗಂಡನ ಹುಟ್ಟುಹಬ್ಬದ ದಿನ ಬೆಟ್ಟಿಂಗ್ ಕಂಪನಿಯವರೇ ಫೋನ್ ಮಾಡಿ ಹಾರೈಸಿ, ಫ್ರೀ ಬೆಟ್ ಬೇರೆ ಕೊಟ್ಟರು. ಇವರು ಉಬ್ಬಿಹೋದರು.

"ನೋಡಿ ಅಂಕಲ್, ನಾನು ಅವರ ವಿಐಪಿ! ನಿಮಗೇನು ಕೊಟ್ರು?"

ಅಂಕಲ್ ತಮ್ಮ ಫೋನ್ ತೆಗೆದು ತೋರಿಸಿದರು. ಗೆಲ್ಲುವವರು ಬೇಡವೆಂದು ಅದೇ ಕಂಪನಿ ಅಂಕಲ್ ಕಟ್ಟುವ ಮೊತ್ತಕ್ಕೆ ಪುಡಿಗಾಸಿನ ಮಿತಿ ಹಾಕಿತ್ತು.

"ಲೆಕ್ಕ ಸರಿ ಬರದಿದ್ರೆ ನಾನು ಕಟ್ಟೋದೇ ಇಲ್ಲ. ಎಷ್ಟೋ ದಿನ ಉಪ್ಪಿಟ್ಟು ತಿಂದ್ಕೊಂಡು ಸುಮ್ನೆ ಕೂತಿರ್ತೀನಿ. ಅದಕ್ಕೇ ನನ್ನ ಮುಖಕ್ಕೆ ಬಾಗಿಲು ಹಾಕ್ತಾರೆ, ನಿನ್ನ ಬರ್ತ್‌ಡೇ ಮಾಡ್ತಾರೆ. ಅವರ ಹೊಟ್ಟೆ ತುಂಬಿಸ್ತಿರೋದು ಯಾರು, ನೀನೇ ಹೇಳಪ್ಪ."

ನನ್ನ ಗಂಡನ ಮುಖ ಸಪ್ಪಗಾಯಿತು. ಆದರೂ, "ಹಾಗಾದ್ರೆ ನಂಗೂ ಆ ಲೆಕ್ಕ ಕಲಿಸಿಬಿಡಿ" ಎಂದರು.

"ಕಲಿಸ್ತೀನಿ. ಆದ್ರೆ ಆಮೇಲೆ ನಿನಗೆ ಕುಣಿಯೋಕೆ ಬರಲ್ಲ. ನಾನು ಮ್ಯಾಚ್ ನೋಡಿ ಖುಷಿಪಟ್ಟು ಯಾವ ಕಾಲ ಆಯ್ತೋ. ನಿಮ್ಮನೆಗೆ ಬರೋದೇ ನೀವು ಕುಣಿಯೋದು ನೋಡೋಕೆ ಕಣಪ್ಪ."

ಇವರು ತಮ್ಮ ಫೋನ್ ಕೈಗೆತ್ತಿಕೊಂಡರು. ಅಲ್ಲೇ, ಅಂಕಲ್ ಎದುರಿಗೇ, ಬೆಟ್ಟಿಂಗ್ ಖಾತೆಯನ್ನು ಕಾಯಂ ಆಗಿ ಮುಚ್ಚಿಸಿದರು. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು, ಅಂಕಲ್‌ಗೆ ಇನ್ನೊಂದು ಬಟ್ಟಲು ಕಡಲೆಬೀಜ ಹುರಿದು ತಂದೆ.

ಈಗ ಅಂಕಲ್ ಬ್ರಿಸ್ಬೇನಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಇಂಡಿಯಾ ಸೋತರೂ ನಮ್ಮ ಮನೆಯಲ್ಲಿ ಎಲ್ಲರೂ ಊಟ ಮಾಡುತ್ತೇವೆ. ಈ ವರ್ಷ ಇವರ ಹುಟ್ಟುಹಬ್ಬದ ಬೆಳಗ್ಗೆ ಫೋನ್ ಬಂದಾಗ ಮಾತ್ರ ಹಳೆಯ ಭಯ ಒಂದು ಸಲ ಎದ್ದು ಬಂತು, ನಾನೇ ಓಡಿಹೋಗಿ ಎತ್ತಿದೆ.

"ಎಲ್ಲಿದ್ದಾನಮ್ಮಾ ನಮ್ಮ ವಿಐಪಿ?" ಎಂದರು ಅಂಕಲ್.

ರಾತ್ರಿಯವರೆಗೂ ಕಾದೆ. ಬೆಟ್ಟಿಂಗ್ ಕಂಪನಿಯವರು ಇವರ ಹುಟ್ಟುಹಬ್ಬವನ್ನು ಮರೆತೇಬಿಟ್ಟಿದ್ದರು.