ಹೀರ್ಲನ್ ರೈಲಿಗೆ ಅಜ್ಜಿಯ ಕೋಡುಬಳೆ

ನನಗೊಂದು ಕೆಟ್ಟ ಚಾಳಿಯಿದೆ. ನಡೆದದ್ದನ್ನು ನಡೆದ ಹಾಗೆ ಹೇಳಲು ನನ್ನಿಂದ ಆಗುವುದಿಲ್ಲ. ದಾರಿಯಲ್ಲಿ ಒಂದು ನಾಯಿ ಬೊಗಳಿದರೆ, ನಾನು ಮನೆ ತಲುಪುವಷ್ಟರಲ್ಲಿ ಅದು ಅಟ್ಟಿಸಿಕೊಂಡು ಬಂದಿರುತ್ತದೆ. ಊಟಕ್ಕೆ ಕೂರುವ ಹೊತ್ತಿಗೆ ಎರಡು ನಾಯಿಗಳಾಗಿರುತ್ತವೆ. ನನ್ನ ಹೆಂಡತಿ ಸುಮಾ ಮದುವೆಯಾದ ಹೊಸದರಲ್ಲಿ ಗಾಬರಿಯಾಗುತ್ತಿದ್ದಳು. ಈಗ "ನಿಜವಾಗ್ಲೂ ಎಷ್ಟು ನಾಯಿ?" ಎಂದು ಕೇಳಿ ಸಾರು ಬಡಿಸುತ್ತಾಳೆ. ಮನೆಯೊಳಗೆ ಇದರಿಂದ ಯಾರಿಗೂ ನಷ್ಟವಿರಲಿಲ್ಲ. ಆದರೆ ಇದೇ ಚಾಳಿಯಿಂದ ಒಬ್ಬ ಹಿರಿಯರ ತಾಯಿಯನ್ನೇ ಬದಲಾಯಿಸಿಬಿಟ್ಟೆ. ಅದನ್ನು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ, ಈ ಸಲ ಉಪ್ಪುಖಾರ ಹಚ್ಚದೆ.

ನಾವಿರುವುದು ನೆದರ್‌ಲೆಂಡ್ಸ್‌ನ ದಕ್ಷಿಣದ ತುದಿಯ ಹೀರ್ಲನ್ ಊರಿನಲ್ಲಿ. ನನ್ನ ಕೆಲಸ ದೂರದ ವೆಲ್ಡ್‌ಹೋವನ್‌ನಲ್ಲಿ. ದಿನಾ ಅಷ್ಟು ದೂರವೇ ಎಂದು ಸಹೋದ್ಯೋಗಿಗಳು ಮರುಗುತ್ತಾರೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಅರ್ಧ ಯೌವನ ಕಳೆದವನಿಗೆ ಅದೊಂದು ದೂರವೇ? ಹೀರ್ಲನ್ ಒಂದು ಕಾಲದ ಕಲ್ಲಿದ್ದಲಿನ ಸೀಮೆ. ಗಣಿಗಳು ಮುಚ್ಚಿ ದಶಕಗಳಾದವು. ಗಣಿಯ ಕಸ ಸುರಿದ ರಾಶಿಗಳ ಮೇಲೆ ಮರ ಬೆಳೆದು, ಜನ ಈಗ ಅವನ್ನು ಬೆಟ್ಟವೆಂದು ಹತ್ತುತ್ತಾರೆ. ಹಳಿಗಳನ್ನು ಕಿತ್ತು ಸೈಕಲ್ ದಾರಿ ಮಾಡಿದ್ದಾರೆ. ಇಲ್ಲಿ ರೈಲು ಓಡುತ್ತಿತ್ತೆಂದು ಕಣ್ಣಿಗಿಂತ ಮೊದಲು ಮಂಡಿಗೆ ತಿಳಿಯುತ್ತದೆ. ತುಂಬಿದ ವ್ಯಾಗನ್ನುಗಳು ಕಡಿದಾದ ಏರು ಹತ್ತಲಾರವು. ಅದಕ್ಕೇ ಅಂದಿನವರು ದಿಣ್ಣೆ ಕಡಿದು, ತಗ್ಗು ತುಂಬಿ ದಾರಿಯನ್ನು ಮಟ್ಟಸ ಮಾಡಿದ್ದರು. ಆ ಶ್ರಮದ ಫಲವನ್ನು ಈಗ ನನ್ನ ಐವತ್ತರ ಮಂಡಿ ಉಣ್ಣುತ್ತಿದೆ.

ಊರಿನ ಇತಿಹಾಸದ ಸಂಘವೊಂದು ತಿಂಗಳಿಗೊಂದು ಭಾನುವಾರ ಈ ದಾರಿಯಲ್ಲಿ ಜನರನ್ನು ನಡೆಸಿಕೊಂಡು ಹೋಗಿ ಹಳೆಯ ಕಥೆ ಹೇಳುತ್ತದೆ. ಡಚ್ ಮಾತಾಡುವ ರೂಢಿಯಾಗಲಿ ಎಂದು ನಾನೂ ಸೇರಿದೆ. ಕಥೆ ಹೇಳುತ್ತಿದ್ದ ಹಿರಿಯರು ಒಬ್ಬೊಬ್ಬರಾಗಿ ಮನೆಯಲ್ಲಿ ಕೂತಾಗ ನನಗೂ ಒಂದು ಜಾಗ ವಹಿಸಿದರು: ಹಳೆಯ ರೈಲ್ವೆ ಗೇಟು. ಅವರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಒಂದೇ ವಾಕ್ಯ: "ಇಲ್ಲಿ ಗೇಟ್ ಇತ್ತು." ಹೇಳಿದೆ. ಜನ ತಲೆಯಾಡಿಸಿದರು. ಹುಲ್ಲು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ರೇನ್‌ಕೋಟ್ ಹಾಕಿಕೊಂಡು ಅಷ್ಟು ದೂರ ನಡೆದು ಬಂದಿದ್ದಾರೆ, ಪಾಪ, ಒಂದು ವಾಕ್ಯಕ್ಕಾ? ತಡೆಯಲಾಗಲಿಲ್ಲ. ಅರಸೀಕೆರೆಯ ನಮ್ಮಜ್ಜಿಯನ್ನು ಕರೆತಂದು ಅಲ್ಲಿ ನಿಲ್ಲಿಸಿಬಿಟ್ಟೆ.

ಅಜ್ಜಿಯ ಮನೆಯೂ ರೈಲ್ವೆ ಗೇಟಿನ ಪಕ್ಕದಲ್ಲೇ ಇತ್ತು. ಗೂಡ್ಸ್ ಗಾಡಿ ಸಿಗ್ನಲ್ಲಿಗೆ ಕಾಯುವಾಗ ಅಜ್ಜಿ ಕೈ ಮೇಲೆ ಚಾಚಿ ಡ್ರೈವರನಿಗೆ ಕೋಡುಬಳೆಯ ಪೊಟ್ಟಣ ಕೊಡುವುದು, ಅವನು ಬಚ್ಚಲೊಲೆಗೆಂದು ನಾಲ್ಕು ಗಟ್ಟಿ ಕಲ್ಲಿದ್ದಲು ಕೆಳಗೆ ಹಾಕುವುದು. ಹೀರ್ಲನ್ನಿನಲ್ಲಿ ಕೋಡುಬಳೆ ನಡೆಯುವುದಿಲ್ಲವಲ್ಲ. ಅದನ್ನು ಈ ಸೀಮೆಯವರು ಹಣ್ಣು ತುಂಬಿ ಬೇಯಿಸುವ ಚೆರ್ರಿ ವ್ಲಾಯ್ ಮಾಡಿದೆ. ಅಜ್ಜಿಯನ್ನು "ಗೇಟಿನ ಪಕ್ಕದ ಮನೆಯಾಕೆ" ಮಾಡಿದೆ. ಜನ ನಕ್ಕರು. ಒಬ್ಬಾಕೆ ಕಣ್ಣೊರೆಸಿಕೊಂಡಳು, ಇದು ನಿಜ, ಸುಮಾ ಸಾಕ್ಷಿ. ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಅದೇ ಕಥೆ.

ಕೇಳಲು ಬರುವವರಲ್ಲಿ ಹ್ಯೂಬ್ ಎಂಬ, ಎಂಬತ್ತು ದಾಟಿದ ಹಿರಿಯರೊಬ್ಬರು ಇರುತ್ತಿದ್ದರು. ಊರುಗೋಲಿಗೆ ಒರಗಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ನನ್ನ ಡಚ್ ಕೇಳಿ ನಿದ್ದೆ ಬಂದಿರಬೇಕು ಎಂದುಕೊಂಡಿದ್ದೆ. ಕಳೆದ ವಸಂತದ ಒಂದು ಭಾನುವಾರ, ನಾನು ಬಾಯಿ ತೆರೆಯುವ ಮೊದಲೇ ಅವರು ಮುಂದೆ ಬಂದು ನಿಂತರು. "ಗೇಟಿನ ಪಕ್ಕದ ಆ ಮನೆ ನಮ್ಮದು. ಆಕೆ ನನ್ನ ಅಮ್ಮ. ನಾನು ಜೊತೆಗೇ ನಿಂತಿದ್ದೆ. ವ್ಲಾಯ್ ಇನ್ನೂ ಬಿಸಿ ಇತ್ತು" ಎಂದರು. ಆ ದಿನ ನಮ್ಮ ಜೊತೆ ನಡೆದು ಬಂದಿದ್ದ ಪುರಸಭೆಯ ಹೆಂಗಸೊಬ್ಬಳು ಅದನ್ನೆಲ್ಲ ಬರೆದುಕೊಂಡಳು. ಅಲ್ಲೊಂದು ಫಲಕ ನೆಡುತ್ತಾರಂತೆ, ಅದರಲ್ಲಿ ಅಮ್ಮನ ಹೆಸರು ಬರುತ್ತದಂತೆ. ಹ್ಯೂಬ್ ನನ್ನ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು.

ಮನೆಗೆ ಬಂದು ಸುಮಾಗೆ ಹೇಳಿದೆ. ಹ್ಯೂಬರ ಅಮ್ಮನೂ ಕೊಟ್ಟಿರಬಹುದಲ್ಲ, ಯಾರಿಗೆ ಗೊತ್ತು ಎಂದು ವಾದವನ್ನೂ ಹೂಡಿದೆ.

"ಫಲಕ ಬರೋಕ್ ಮುಂಚೆ ಹೋಗಿ ಹೇಳ್ಬಿಡಿ," ಎಂದಳು. "ಅದು ಅವರಮ್ಮ ಕಣ್ರೀ, ನಿಮ್ಮ ನಾಯಿ ಅಲ್ಲ."

ತಪ್ಪೊಪ್ಪಿಗೆಗೆ ಹೋಗುವ ಮೊದಲು ನನ್ನ ಕಡೆಯ ಅಜ್ಜಿಯನ್ನಾದರೂ ಗಟ್ಟಿ ಮಾಡಿಕೊಳ್ಳೋಣವೆಂದು, ಮೈಸೂರಿನಲ್ಲಿ ತಂಗಿಯ ಜೊತೆಗಿರುವ ಅಮ್ಮನಿಗೆ ಫೋನ್ ಮಾಡಿದೆ.

"ನಮ್ಮಮ್ಮನಾ? ಡ್ರೈವರ್‌ಗೆ ಕೋಡುಬಳೆನಾ?" ಅಮ್ಮ ನಗು ತಡೆಯಲಾರದೆ ಕೆಮ್ಮಿದಳು. "ಮನೆ ಮಕ್ಕಳಿಗೇ ಕೈ ಬಿಗಿ ಹಿಡಿದು ಕೊಡೋಳು ಕಣೋ ಅವಳು. ಅದೆಲ್ಲ ನಿಮ್ಮ ನಾಣಿ ಮಾವ ಕಟ್ಟಿದ್ದು. ಅವನ ಮಾತು ನಂಬ್ಕೊಂಡು ಕೂತಿದೀಯಾ ಇಷ್ಟು ವರ್ಷ?"

ನಾಣಿ ಮಾವನ ಕಥೆಗಳಲ್ಲಿ ನಾಯಿಗಳು ಮೂರಕ್ಕೆ ಕಡಿಮೆ ಇರುತ್ತಿರಲಿಲ್ಲ. ನಾನು ಅವನ ಸೋದರಳಿಯ ಎನ್ನುವುದಕ್ಕೆ ಬೇರೆ ಪುರಾವೆ ಬೇಡ. ಹಾಗಾದರೆ ಹ್ಯೂಬರ ಅಮ್ಮನ ಜಾಗದಲ್ಲಿ ನಾನು ನಿಲ್ಲಿಸಿದ್ದು ಎಲ್ಲೂ ಇಲ್ಲದ ಅಜ್ಜಿಯನ್ನು.

ಮರುದಿನ ಸಂಜೆ ಹ್ಯೂಬರ ಮನೆಗೆ ಹೋಗಿ ಎಲ್ಲ ಹೇಳಿದೆ. ಸುಳ್ಳು ಹೇಳುವಾಗ ಸರಾಗವಾಗಿ ಹರಿಯುತ್ತಿದ್ದ ನನ್ನ ಡಚ್, ನಿಜ ಹೇಳುವಾಗ ಹೆಜ್ಜೆಹೆಜ್ಜೆಗೆ ಎಡವಿತು.

"ಹಾಗಾದ್ರೆ ನನ್ನ ತಲೇಲಿ ಇರೋದ್ರಲ್ಲಿ ನನ್ನದು ಯಾವುದು?" ಎಂದರು ಹ್ಯೂಬ್.

ನನಗೆ ನಾಚಿಕೆಯಿಂದ ಕುಗ್ಗಿಹೋದ ಹಾಗಾಯಿತು. "ಕ್ಷಮಿಸಿ, ನೀವು ಕೇಳ್ತಾ ಇದ್ದೀರಿ ಅಂತ ನನಗೆ ಗೊತ್ತಿರಲಿಲ್ಲ" ಎಂದೆ. ಎಂಥ ಪೆದ್ದು ಮಾತು! ಕೇಳಲಿ ಎಂದೇ ತಾನೆ ಹೇಳುತ್ತಿದ್ದದ್ದು?

"ಅಮ್ಮ ವ್ಲಾಯ್ ಮಾಡಿದ್ದೇ ಅಪರೂಪ," ಎಂದರು ಹ್ಯೂಬ್. "ನಕ್ಕಿದ್ದು ಅದಕ್ಕಿಂತ ಅಪರೂಪ. ಅವಳು ಯಾರಿಗೋ ಏನೋ ಪ್ರೀತಿಯಿಂದ ಕೊಟ್ಟಳು ಅಂತ ನೀನು ಹೇಳಿದಾಗ ಹಿತ ಆಯ್ತು, ಇಟ್ಕೊಂಡೆ. ಆದರೆ ಆ ಕೈ ನಾನು ಕಂಡಿದೀನಿ. ರೈಲು ಬರುವಾಗ ಅವಳ ಕೈ ಮೇಲೆ ಚಾಚಿರ್ತಿತ್ತು. ಅದು ನಿನ್ನದಲ್ಲ."

ನಾನು ಸುಮ್ಮನಿದ್ದೆ. ಇಂಥ ಸಾಧನೆ ನನ್ನ ಬದುಕಿನಲ್ಲಿ ಕಡಿಮೆ. ಹ್ಯೂಬ್ ಕೂತಲ್ಲೇ ಬಲಗೈ ಮೇಲೆತ್ತಿದರು. ಎರಡು ಬೆರಳು ತಾವಾಗಿಯೇ ಕೂಡಿ ಗಾಳಿಯಲ್ಲಿ ಏನನ್ನೋ ಚಿವುಟಿದವು, ಮತ್ತೆ ಚಿವುಟಿದವು.

"ಬಟ್ಟೆ," ಎಂದರು. "ಹಗ್ಗದ ಮೇಲಿನ ಬಟ್ಟೆ ತೆಗೀತಿದ್ದಳು. ರೈಲಿನ ಸದ್ದು ಕೇಳಿದ ಕೂಡಲೇ ಓಡಿ ಬಂದು, ಕ್ಲಿಪ್ ಕಿತ್ತು ಕಿತ್ತು ಎಲ್ಲಾ ಒಳಗೆ. ರೈಲು ಹೋದ ಮೇಲೆ ಮತ್ತೆ ಹೊರಗೆ. ಮಸಿ, ನೋಡು. ದಿನಕ್ಕೆ ಎಷ್ಟು ಸಲವೋ!" ಅವರ ಕಣ್ಣು ತುಂಬಿತು. "ನಾವು ಐದು ಜನ ಮಕ್ಕಳು. ಒಂದು ದಿನವೂ ಮಸಿ ಹಿಡಿದ ಹಾಸಿಗೆ ಮೇಲೆ ಮಲಗಿಲ್ಲ."

ಈಗ ಫಲಕ ಬಂದಿದೆ. ಮೇಲೆ ಅವರಮ್ಮನ ಹೆಸರು, ಕೆಳಗೆ ಬಟ್ಟೆಯ ಮಾತು, ಅಷ್ಟೇ. ಅಲ್ಲಿ ನಿಂತು ನಾನು ಅದನ್ನು ಓದಿ ಹೇಳುತ್ತೇನೆ. ಮುಗಿಸಿದೊಡನೆ, ಆ ಹಗ್ಗದ ಮೇಲೆ ಒಂದು ನೀಲಿ ಲಂಗವನ್ನಾದರೂ ಹಾಕೋಣವೆಂದು ನಾಲಿಗೆ ತುರಿಸುತ್ತದೆ. ಅದು ಹ್ಯೂಬರಿಗೂ ಗೊತ್ತು. ಹಿಂದೆ ದೂರದಲ್ಲಿ ನಿಲ್ಲುತ್ತಿದ್ದವರು ಈಗ ಪ್ರತಿ ತಿಂಗಳೂ ಬಂದು ನನಗೆ ತಾಗಿಕೊಂಡೇ ನಿಲ್ಲುತ್ತಾರೆ. ನಾನು ಒಂದು ಉಸಿರು ಹೆಚ್ಚಿಗೆ ಎಳೆದುಕೊಂಡರೆ ಸಾಕು, ಅವರ ಊರುಗೋಲು ನನ್ನ ಬೂಟಿನ ಮೇಲೆ ಬಂದು ಕೂರುತ್ತದೆ. ಸ್ವಲ್ಪ ನೋಯುತ್ತದೆ. ನೋಯಲಿ. ಅದು ಅಲ್ಲಿರುವ ತನಕ ಅವರಮ್ಮ ಕ್ಷೇಮ.