ನೊಣದಮ್ಮನ ಮೂಗು

ಆ ಸಂಶೋಧನಾಲಯದಲ್ಲಿ ಆಕೆಯ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಎಲ್ಲರ ಬಾಯಲ್ಲೂ ಆಕೆ ನೊಣದಮ್ಮ. ಇಪ್ಪತ್ತೆಂಟು ವರ್ಷಗಳಿಂದ ಹಣ್ಣಿನ ನೊಣಗಳಿಗೆ ಅಡುಗೆ ಮಾಡಿ ಹಾಕುವುದೇ ಆಕೆಯ ಉದ್ಯೋಗ. ಜೋಳದ ಹಿಟ್ಟು, ಸಕ್ಕರೆ, ಯೀಸ್ಟು ಹಾಕಿ ಗಂಜಿ ಕಾಯಿಸಿ, ಎಂಟುನೂರು ಸೀಸೆಗಳಿಗೆ ಸುರಿದು, ಚೀಟಿ ಅಂಟಿಸಿ, ಹತ್ತಿಯ ಬಿರಡೆ ತುರುಕಬೇಕು. ಇಷ್ಟು ವರ್ಷದಲ್ಲಿ ಒಂದು ನೊಣವಾದರೂ ರುಚಿ ಸಾಲದು ಅಂದಿಲ್ಲ, ಮನೆಯವರಿಗಿಂತ ಇವೇ ವಾಸಿ ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ಆಕೆಯ ಮೂಗಿಗೆ ಅಲ್ಲಿ ಭಾರಿ ಹೆಸರು. ಗಂಜಿ ತಳ ಹಿಡಿಯಿತೋ, ಸೀಸೆಗೆ ಬೂಷ್ಟು ಬಂತೋ ಎಂದು ವಿದ್ಯಾರ್ಥಿಗಳು ಓಡಿ ಬಂದು ಆಕೆಯ ಮುಖಕ್ಕೆ ಹಿಡಿಯುತ್ತಿದ್ದರು. ಆಕೆ ಕಣ್ಣು ಅರೆಮುಚ್ಚಿ, ಉಸಿರೆಳೆದು, ತೀರ್ಪು ಕೊಡುತ್ತಿದ್ದಳು. ತೀರ್ಪು ತಪ್ಪುತ್ತಿರಲಿಲ್ಲ, ಏಕೆಂದರೆ ಆ ಅರೆಮುಚ್ಚಿದ ಕಣ್ಣಲ್ಲೇ ಬೂಷ್ಟನ್ನು ಹುಡುಕುತ್ತಿದ್ದಳು; ತಳ ಹಿಡಿಯುವ ಹೊತ್ತನ್ನು ಗಡಿಯಾರ ಹೇಳುತ್ತಿತ್ತು. ನಿಜ ಹೇಳಬೇಕೆಂದರೆ ನೊಣದಮ್ಮನಿಗೆ ಹುಟ್ಟಿದಾಗಿನಿಂದ ಯಾವ ವಾಸನೆಯೂ ಗೊತ್ತಿಲ್ಲ. ಗಂಡನಿಗೆ ಮದುವೆಗೆ ಮುಂಚೆ ಹೇಳಲು ಭಯ, ಆಮೇಲೆ ಹೇಳಲು ನಾಚಿಕೆ. ಹಾಗೇ ಮೂವತ್ತು ವರ್ಷ ಕಳೆದುಹೋಯಿತು.

ಈಗ ಮಗಳು ಹೆತ್ತು ಮನೆಯಲ್ಲಿದ್ದಾಳೆ. ಮೊಮ್ಮಗಳಿಗೆ ಹನ್ನೆರಡು ದಿನ. ರಜೆ ಹಾಕಿದ ನೊಣದಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆದರೆ ಒಳಗೊಳಗೇ ಒಂದು ಹುಳ ಕೊರೆಯುತ್ತಿತ್ತು. ಸಂಶೋಧನಾಲಯದ ದೊಡ್ಡ ಮೇಡಂ ಒಮ್ಮೆ ವಿವರಿಸಿದ್ದರು: ನೊಣ ಇನ್ನೂ ಕೋಶದೊಳಗಿರುವಾಗಲೇ ಅದರ ಮೂಗಿನಿಂದ ಮಿದುಳಿಗೆ ತಂತಿ ಎಳೆದಾಗಿರುತ್ತದಂತೆ. ಹೊರಬಂದ ದಿನವೇ ಯಾರೂ ಹೇಳಿಕೊಡದೆ ವಿನೆಗರ್ ವಾಸನೆಯ ಕಡೆ ಓಡುತ್ತದಂತೆ. ಮನುಷ್ಯರ ಕೂಸೂ ಹಾಗೇ, ತಾಯಿಯ ಹಾಲಿನ ವಾಸನೆಗೆ ಮುಖ ತಿರುಗಿಸುತ್ತದೆ. ತಂತಿ ಎಳೆಯುವಾಗಲೇ ಎಡವಟ್ಟಾದರೆ ಮಾತ್ರ ಕಷ್ಟ. ನನ್ನ ಎಡವಟ್ಟು ಮಗಳನ್ನು ಬಿಟ್ಟು ಈ ಕೂಸಿಗೆ ಅಂಟಿದ್ದರೆ ಏನು ಗತಿ ಎಂದು ನೊಣದಮ್ಮನಿಗೆ ಹೆದರಿಕೆ.

ಒಂದು ಬೆಳಿಗ್ಗೆ ಗಂಡ ತರಕಾರಿಗೆ ಹೋಗಿದ್ದ, ಮಗಳು ಸ್ನಾನಕ್ಕೆ ಹೋಗಿದ್ದಳು. ಪರೀಕ್ಷೆಗೆ ಇದೇ ಸಮಯ. ಮಗಳ ಎದೆಯ ಮೇಲಿದ್ದ ಬಿಳಿ ಬಟ್ಟೆ ಒಂದು, ಒಗೆದ ಬಿಳಿ ಬಟ್ಟೆ ಒಂದು. ಮಗುವಿನ ಎರಡು ಕೆನ್ನೆಗಳ ಪಕ್ಕ ಇಟ್ಟಳು. ಮಗು ಹಾಲಿನ ಬಟ್ಟೆಯತ್ತ ತಿರುಗಿತು. ವಿದ್ಯಾರ್ಥಿಗಳು ಮಾಡುವ ಹಾಗೆ ಬಟ್ಟೆಗಳನ್ನು ಅದಲು ಬದಲು ಮಾಡಿದಳು. ಮಗು ಈ ಕಡೆಯಿಂದ ಆ ಕಡೆಗೆ, ಮತ್ತೆ ಹಾಲಿನತ್ತಲೇ ತಿರುಗಿತು. ನೊಣದಮ್ಮ ಎರಡೂ ಬಟ್ಟೆಗಳನ್ನು ಮೇಲಕ್ಕೆಸೆದು ಕುಣಿದುಬಿಟ್ಟಳು.

ಕುಣಿದು ಮುಗಿದ ಮೇಲೆ ಬಟ್ಟೆ ಹೆಕ್ಕಿಕೊಂಡಳು. ಎರಡೂ ಬಿಳಿ, ಎರಡೂ ಒಣಗಿವೆ. ಯಾವುದು ಯಾವುದು? ದಿನಕ್ಕೆ ಎಂಟುನೂರು ಚೀಟಿ ಅಂಟಿಸುವವಳು ಈ ಎರಡು ಬಟ್ಟೆಗೆ ಒಂದು ಗುರುತು ಹಾಕಿರಲಿಲ್ಲ. ಎರಡು ಸಲ ತಿರುಗಿದ್ದನ್ನು ದೊಡ್ಡ ಮೇಡಂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹತ್ತು ಸಲವಾದರೂ ಆಗಬೇಕು. ಬಟ್ಟೆಗಳನ್ನು ಮೂಗಿಗೆ ಉಜ್ಜಿ ಉಜ್ಜಿ ಉಸಿರೆಳೆದಳು. ಮೂಗು ಕೆಂಪಾಯಿತೇ ಹೊರತು ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಮಗಳು ಒದ್ದೆ ಕೂದಲಲ್ಲಿ ಬಾಗಿಲಿಗೆ ಬಂದು ನಿಂತಳು.

"ಇದ್ರಲ್ಲಿ ಒಗೆದಿದ್ದು ಯಾವುದು ನೋಡೇ. ನಂಗೆ ನೆಗಡಿ," ಅಂದಳು ನೊಣದಮ್ಮ.

"ಮೂವತ್ತು ವರ್ಷದಿಂದ ನೆಗಡಿನಾ ಅಮ್ಮ?"

ನೊಣದಮ್ಮ ಎರಡೂ ಬಟ್ಟೆಗಳನ್ನು ಮಡಿಲಿಗೆ ಹಾಕಿಕೊಂಡಳು. ಮಗಳು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಅಪ್ಪ ದಿನಾ ಬೆಳಿಗ್ಗೆ ಕ್ಯಾಲೆಂಡರ್ ನೋಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಹಾಲು ಮೂಸಿ ಬರುತ್ತಿದ್ದರು, ಗ್ಯಾಸು ಸೋರುತ್ತಿದೆಯೇ ಎಂದು ನೋಡಿ ಬರುತ್ತಿದ್ದರು. ಅಮ್ಮ ತಾನಾಗಿ ಹೇಳುವವರೆಗೆ ತುಟಿ ಬಿಚ್ಚಬೇಡ ಎಂದು ಮಗಳಿಗೆ ಎರಡನೇ ಕ್ಲಾಸಿನಲ್ಲೇ ತಾಕೀತು ಆಗಿತ್ತು. ನೊಣದಮ್ಮನಿಗೆ ಸಿಟ್ಟು, ನಾಚಿಕೆ, ನಗು ಮೂರೂ ಒಟ್ಟಿಗೆ ಬಂದವು. ಗೆದ್ದದ್ದು ನಗು. ಈ ಮನುಷ್ಯ ತಿಂಗಳಿಗೆ ಮೂವತ್ತು ಸಲ ತಾರೀಕು ಮರೆಯುತ್ತಾನೆ ಎಂದು ಆಕೆ ಅಷ್ಟು ವರ್ಷ ಬೈದಿದ್ದಳು.

ಗಂಡ ಬಂದ ಮೇಲೆ ಸರಿಯಾದ ಪರೀಕ್ಷೆ ನಡೆಯಿತು. ಮಗಳು ಮೂಸಿ ಹಾಲಿನ ಬಟ್ಟೆಗೆ ಕೆಂಪು ದಾರ ಕಟ್ಟಿದಳು, ಗಂಡ ಕ್ಯಾಲೆಂಡರಿನ ಹಿಂದೆ ಗೀಟು ಎಳೆದ. ಹತ್ತರಲ್ಲಿ ಒಂಬತ್ತು ಸಲ ಹಾಲು. ಒಂದು ಸಲ ಕೂಸು ಆಕಳಿಸಿತು. ನೊಣದಮ್ಮ ಸಂತೋಷಕ್ಕೆ ಅತ್ತಳು, ಅಳುತ್ತಲೇ ನಕ್ಕಳು. ಆಮೇಲೆ, ಇನ್ನು ಮುಚ್ಚಿಡುವುದೇನಿದೆ ಎಂದು, ಜೀವಮಾನವೆಲ್ಲ ಕೇಳಬೇಕೆಂದಿದ್ದನ್ನು ಮಗಳ ಹತ್ತಿರ ಕೇಳಿದಳು.

"ನನ್ನ ವಾಸನೆ ಹೇಗಿರುತ್ತೆ?"

ಮಗಳು ಬಾಗಿಲ ಹಿಂದೆ ನೇತಾಡುತ್ತಿದ್ದ ಕೆಲಸದ ಕೋಟನ್ನು ತೋರಿಸಿದಳು. "ಅದರ ಥರ. ಗಂಜಿ, ಯೀಸ್ಟು. ನೀನು ಕೆಲಸದಿಂದ ಬಂದ ತಕ್ಷಣ ಅದ್ರಲ್ಲಿ ಮುಖ ಹುದುಗಿಸ್ತಿದ್ನಲ್ಲ, ಮರೆತ್ಯಾ? ಈಗ್ಲೂ ಬೇಕರಿ ಮುಂದೆ ಹೋದ್ರೆ ಅಮ್ಮ ಬಂದ್ಲು ಅನ್ಸುತ್ತೆ."

ನೊಣದಮ್ಮ ಎದ್ದು ಹೋಗಿ ಕೋಟು ಹಾಕಿಕೊಂಡಳು. ಗುಂಡಿ ಹಾಕಿ, ಕಣ್ಣೊರೆಸಿಕೊಂಡು, ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಕೂಸು ಮೂಗು ಅರಳಿಸಿತು, ಸ್ವಲ್ಪ ಹೊತ್ತು ಯೋಚಿಸಿತು, ಮುಖವನ್ನು ಕೋಟಿನೊಳಗೆ ತುರುಕಿತು.

"ರೀ," ಅಂದಳು ನೊಣದಮ್ಮ ಗಂಡನಿಗೆ, "ಇದನ್ನೂ ಬರ್ಕೊಳ್ಳಿ."